ಎಲೆ ಕೂಗಬಾರದು

ನನ್ನ ಗಂಟಲು ದೊಡ್ಡದು. ಹದಿನೆಂಟು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಹೊಸದುರ್ಗದಿಂದ ಹೊರಟು ಹೊಳಲ್ಕೆರೆ, ಚಿತ್ರದುರ್ಗ ಹಾದು ಹಿರಿಯೂರಿಗೆ ಬರುವ ರೂಟು ನನ್ನದು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು "ಐಮಂಗಲ ಇಳ್ಯೋರು ಬರ್ರಿ" ಎಂದು ನಾನು ಒಮ್ಮೆ ಕೂಗಿದರೆ ಮೊದಲ ಸೀಟಿನಲ್ಲಿ ಗೊರಕೆ ಹೊಡೆಯುತ್ತಿರುವವರು ಕೂಡ ತಡಬಡಿಸಿ ಎದ್ದು ಕೂರುತ್ತಾರೆ. ಕೋಪವೂ ಅಷ್ಟೇ ದೊಡ್ಡದು, ಅದನ್ನೂ ಹೇಳಿಬಿಡುತ್ತೇನೆ. ಇಂಥ ನನ್ನನ್ನು, ಬಾಯಿ ಮುಚ್ಚಿಕೊಂಡು ಆಡಬೇಕಾದ ಆಟವೊಂದಕ್ಕೆ ಕೂರಿಸಿದವರು ಹೊಸದುರ್ಗದ ಒಬ್ಬ ನಿವೃತ್ತ ಸರ್ವೇಯರ್.

ಅವರು ನನ್ನನ್ನು ನೋಡಿದ್ದು ಹೊಸದುರ್ಗ ಬಸ್ ನಿಲ್ದಾಣದ ಸಿಬ್ಬಂದಿ ಕೋಣೆಯ ಕಿಟಕಿಯಿಂದ. ಬಸ್ಸು ತಡವಾದಾಗ ನಾವು ಡ್ರೈವರ್, ಕಂಡಕ್ಟರುಗಳು ಅಲ್ಲಿ ಇಪ್ಪತ್ತೆಂಟು ಎನ್ನುವ ಇಸ್ಪೀಟಾಟ ಆಡುತ್ತೇವೆ. ಇಪ್ಪತ್ತೆಂಟು ನನಗೆ ಹುಟ್ಟಿನಿಂದ ಬಂದದ್ದು. ನಮ್ಮ ಯಲ್ಲದಕೆರೆಯಲ್ಲಿ ಮದುವೆ ಎಂದರೆ, ಊಟದ ಎಲೆ ಎತ್ತಿದ ತಕ್ಷಣ ಚಪ್ಪರದ ಅಡಿ ಇಸ್ಪೀಟಿನ ಎಲೆ ಬೀಳಬೇಕು. ಎದುರುಬದುರು ಕೂತವರು ಜೊತೆಗಾರರು. ಒಳಗೊಳಗೇ ಸನ್ನೆ ಇರುತ್ತಿತ್ತು. ನನ್ನ ದೊಡ್ಡ ಮಾವ ನಶ್ಯ ಕೇಳಿದರೆ ಅವನ ಕೈಯಲ್ಲಿ ಗುಲಾಮ, ಆ ಆಟದ ಅತಿ ದೊಡ್ಡ ಎಲೆ, ಇದ್ದಾನೆ ಎಂದರ್ಥ. ಅತ್ತೆ ಕಿವಿಯ ಓಲೆ ಮುಟ್ಟಿಕೊಂಡರೆ ಆಟೀನ್, ಅಂದರೆ ಕೆಂಪು ಹೃದಯದ ಗುರುತಿನ ಎಲೆ, ಇಳಿಸು ಎಂದರ್ಥ. ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಸಿಕ್ಕಿಬಿದ್ದರೆ ಮಾತ್ರ ಮೋಸ. ಒಳ್ಳೆಯ ಎಲೆ ಬಂದರೆ ತಲೆಯ ಮೇಲಿಂದ ಬೀಸಿ ತಂದು "ತಗಳ್ರಿ, ಇಸ್ಪೇಟ್ ಗುಲಾಮ!" ಎಂದು ನೆಲಕ್ಕೆ ಬಡಿಯಬೇಕು. ಬಡಿಯದಿದ್ದರೆ ಗೆದ್ದ ರುಚಿಯೇ ಇಲ್ಲ.

ಅವತ್ತು ಹಾಗೆ ಬಡಿದು ಎಲ್ಲರ ಎಲೆ ಬಾಚಿಕೊಂಡಾಗ ಕಿಟಕಿಯ ಸರಳಿನ ಆಚೆಯಿಂದ ದನಿ ಬಂತು. "ಏನಮ್ಮ, ಅವನತ್ರ ಉಳಿದಿದ್ದು ಒಂದೇ ಕಳಾವರ್ ಅಂತ ನಿಂಗೆ ಹೆಂಗೆ ಗೊತ್ತಾತು?"

ಬಿಳಿ ಅಂಗಿ, ನೆಟ್ಟಗಿನ ಬೆನ್ನು, ಎಪ್ಪತ್ತು ದಾಟಿದ ವಯಸ್ಸು. ನಾನು ಹೇಳಿದೆ, "ಬಿದ್ದಿರಾವು ಎಣಿಸಿದ್ರೆ ಇರಾವು ಗೊತ್ತಾಗ್ತಾವೆ. ಅದ್ಕೇನು ಕಾಲೇಜು ಓದ್ಬೇಕಾ?" ಅವರು ನಗಲಿಲ್ಲ. "ಎಣಿಸೋರು ಸಿಗಾದಿಲ್ಲಮ್ಮ. ಬ್ರಿಜ್ ಕಲಿತೀಯಾ? ನಮಗೆ ಒಬ್ರು ಬೇಕು" ಎಂದರು. ಸೊಂಟಕ್ಕೆ ಟಿಕೆಟ್ ಯಂತ್ರ ಕಟ್ಟಿಕೊಂಡ ಹೆಂಗಸನ್ನು ಬ್ರಿಜ್ ಆಡಲು ಕರೆದ ಮನುಷ್ಯನನ್ನು ನೋಡಿ ನನಗೆ ತಮಾಷೆ ಎನ್ನಿಸಿತು. ಅದೆಂಥದು ನೋಡಿಯೇಬಿಡೋಣ ಎಂದು ಹೂಂ ಅಂದೆ.

ಆಟ ನಡೆಯುತ್ತಿದ್ದದ್ದು ಹಿರಿಯೂರಿನಲ್ಲಿ, ನನ್ನ ಮನೆಯಿಂದ ಎರಡು ಬೀದಿ ಆಚೆ, ಒಂದು ಹಾಸಿಗೆ ಅಂಗಡಿಯ ಮಹಡಿಯಲ್ಲಿ. ಆಡುವವರಲ್ಲಿ ಮೊದಲನೆಯವರು ಆ ಅಂಗಡಿಯ ಸಾಹೇಬರು, ತಲೆಮಾರುಗಳಿಂದ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮನೆತನದವರು. ಕೆಳಗೆ ಯಂತ್ರ ತಿರುಗಿದರೆ ಮಹಡಿಯ ನೆಲ ಜುಮ್ಮೆನ್ನುತ್ತಿತ್ತು. ಗಾಳಿಯಲ್ಲಿ ಯಾವಾಗಲೂ ಹತ್ತಿಯ ಎಳೆ ತೇಲುತ್ತಿರುತ್ತಿತ್ತು. ಸಾಹೇಬರ ಜೊತೆಗಾರರು ಹೊಳಲ್ಕೆರೆ ಮಾರುಕಟ್ಟೆಯ ಒಬ್ಬ ಮಂಡಿ ಯಜಮಾನರು. ಹಣೆಯ ಮೇಲೆ ಅಚ್ಚು ಹೊಡೆದಂತೆ ವಿಭೂತಿ, ಮಾತೂ ಅಷ್ಟೇ ಖಡಕ್ಕು. ಅಷ್ಟು ದೂರದಿಂದ ಬಸ್ಸಿನಲ್ಲಿ ಬರುತ್ತಿದ್ದರು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಮೂರನೆಯವರು ಸರ್ವೇಯರ್. ಭಾನುವಾರ ಆಡುತ್ತಿದ್ದವರು ನನಗೆ ವಾರದ ರಜೆ ಬುಧವಾರ ಎಂದು ಆಟವನ್ನೇ ಬುಧವಾರಕ್ಕೆ ಬದಲಿಸಿಕೊಂಡರು. ಅಷ್ಟು ಗರಜು ಅವರಿಗೆ.

ನಾಲ್ಕನೆಯವರು ಏನಾದರು ಎಂದು ಮೊದಲ ದಿನವೇ ಕೇಳಿದೆ. ಸರ್ವೇಯರು ಎಲೆ ಕಲೆಸತೊಡಗಿದರು. ಆಮೇಲೆ ಸಾಹೇಬರು ಮೆಟ್ಟಿಲ ಬಳಿ ಹೇಳಿದರು. ಸರ್ವೇಯರರ ಜೊತೆಗಾರರಾಗಿ ಇಪ್ಪತ್ತು ವರ್ಷ ಆಡಿದ ಒಬ್ಬರಿದ್ದರಂತೆ. ವಯಸ್ಸಾಗಿ ಎಲೆ ಮರೆಯತೊಡಗಿದರು. ಕೈಯಲ್ಲಿ ಡೈಮಂಡ್ ಇಟ್ಟುಕೊಂಡೇ ಇಲ್ಲವೆಂದು ಬೇರೆ ಎಲೆ ಇಡುತ್ತಿದ್ದರು. ಅವರಿಗೆ ಬೇಜಾರಾಗಬಾರದೆಂದು ಎಲ್ಲರೂ ಸುಮ್ಮನಿರುವುದು, ಆಟ ಕೆಡುವುದು ನಡೆದಿತ್ತು. ಕಡೆಗೆ ಸರ್ವೇಯರೇ ಒಂದು ರೂಲು ಮಾಡಿದರು: ತನ್ನ ಎಲೆ ತಾನು ಸಂಭಾಳಿಸಲಾಗದವರು ಮೇಜು ಬಿಡಬೇಕು. ಹೋಗಿ ಜೊತೆಗಾರರಿಗೆ ತಿಳಿಸಿದವರೂ ಅವರೇ. "ಅವತ್ತು ನಮ್ಮ ಸರ್ವೇಯರ್ ಸಾಹೇಬ್ರು ಚಾ ಸೈತ ಕುಡೀಲಿಲ್ಲಮ್ಮ" ಎಂದರು ಹಾಸಿಗೆ ಸಾಹೇಬರು. ನನಗೆ ಅದು ಕಲ್ಲು ಮನಸ್ಸು ಎನ್ನಿಸಿತು, ಮನಸ್ಸಿನಲ್ಲೇ ಬೈದುಕೊಂಡೆ.

ಆಟ ಹೀಗೆ. ನಾಲ್ವರಿಗೆ ಹದಿಮೂರು ಹದಿಮೂರು ಎಲೆ. ಒಂದು ಜೋಡಿ, ತಾವು ಇಷ್ಟು ಪಟ್ಟು ಗೆಲ್ಲುತ್ತೇವೆ ಎಂದು ಮಾತು ಕೊಡುತ್ತದೆ. ನಾಲ್ವರೂ ಒಂದೊಂದು ಎಲೆ ಇಟ್ಟರೆ ಒಂದು ಪಟ್ಟು, ಅದು ದೊಡ್ಡ ಎಲೆ ಇಟ್ಟವರದು; ಎಕ್ಕವೇ ಎಲ್ಲಕ್ಕಿಂತ ದೊಡ್ಡದು. ಆ ಜೋಡಿಯಲ್ಲಿ ಒಬ್ಬರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರುತ್ತಾರೆ, ಇನ್ನೊಬ್ಬರು ಎರಡೂ ಕಡೆಯಿಂದ ಆಡುತ್ತಾರೆ. ಉಳಿದ ಜೋಡಿಯ ಕೆಲಸ ಅವರ ಮಾತು ಮುರಿಯುವುದು. ಈ ಮುರಿಯುವ ಕೆಲಸವೇ ಕಷ್ಟದ್ದು. ನನ್ನ ಜೊತೆಗಾರರ ಕೈಯಲ್ಲಿ ಏನಿದೆ ನನಗೆ ಕಾಣದು, ನನ್ನದು ಅವರಿಗೆ ಕಾಣದು. ನನಗೆ ಇದರಲ್ಲಿ ಕಷ್ಟವೇ ಕಾಣಲಿಲ್ಲ. ಸನ್ನೆ ಮಾಡಿದರಾಯಿತಲ್ಲ! ಮೊದಲ ದಿನ, ನನ್ನ ಹತ್ತಿರ ಕಳಾವರ್ ಎಕ್ಕ ಇದ್ದಾಗ, ಚೆನ್ನಾಗಿ ಕೇಳುವಂತೆ ಎರಡು ಸಲ ಕೆಮ್ಮಿದೆ.

ಹಾಸಿಗೆ ಸಾಹೇಬರು ತಮ್ಮ ಎಲೆಗಳನ್ನು ಮಗುಚಿ ಮೇಜಿನ ಮೇಲಿಟ್ಟರು. ಮಂಡಿ ಯಜಮಾನರು ಕಿಟಕಿಯ ಕಡೆ ಮುಖ ಮಾಡಿದರು. ಸರ್ವೇಯರು ಕಿವಿವರೆಗೆ ಕೆಂಪಾಗಿ, "ಕೆಮ್ಮಿದ್ಯಲ್ಲ, ಯಾಕೆ?" ಎಂದರು. "ಗೊತ್ತಾಗ್ಲಿ ಅಂತ" ಎಂದೆ. "ಗೊತ್ತು ಮಾಡಾಕೆ ಎಲೆ ಐತೆ. ಕೆಮ್ಮು, ಕಣ್ಣು, ಕಿವಿ, ಯಾವ್ದೂ ಇಲ್ಲ. ಎಲೆ ಒಂದೇ."

ಆಮೇಲೆ ಅವರು ಹೇಳಿಕೊಟ್ಟದ್ದು ಕೇಳಿ ನನಗೆ ತಲೆ ಗಿರ್ ಎಂದಿತು. ನಾನು ಆಟೀನ್ ಎಕ್ಕ ಇಟ್ಟರೆ, ಹೇಗೂ ಆ ಪಟ್ಟು ನನ್ನದೇ. ಜೊತೆಗಾರರು ತಮ್ಮಲ್ಲಿರುವ ಯಾವುದಾದರೂ ಒಂದು ಕೆಲಸಕ್ಕೆ ಬಾರದ ಆಟೀನ್ ಇಡಬೇಕು. ಆ ಕೆಲಸಕ್ಕೆ ಬಾರದ ಎಲೆಯೇ ಮಾತಾಡುವುದು. ಎಂಟು, ಒಂಬತ್ತು, ಹೀಗೆ ದೊಡ್ಡದು ಇಟ್ಟರೆ "ಇದೇ ದಾರಿಯಾಗೆ ಬಾ" ಎಂದರ್ಥ. ಎರಡೋ ಮೂರೋ, ಕೈಯಲ್ಲಿರುವುದರಲ್ಲೇ ಚಿಕ್ಕದು ಇಟ್ಟರೆ "ಇಲ್ಲಿ ಬರಬ್ಯಾಡ, ದಾರಿ ಬದಲಿಸು." ಮೊದಲು ದೊಡ್ಡದು, ಆಮೇಲೆ ಚಿಕ್ಕದು ಬಿದ್ದರೆ ಆ ಜಾತಿಯ ಎಲೆ ಎರಡೇ ಇದ್ದವು ಎಂದು ತಿಳಿಯಬೇಕು. ಎಕ್ಕ, ರಾಜರನ್ನು ಕಂಡರೆ ಕಣ್ಣರಳಿಸುತ್ತಿದ್ದವಳು ನಾನು. ಎರಡು, ಮೂರು ಎಂದರೆ ಎಸೆಯುವ ಎಲೆ ಎಂದೇ ತಿಳಿದಿದ್ದೆ. ಅವೇ ಬಾಯಿ ಬಂದವು ಎಂದರೆ!

ಇನ್ನೂ ವಿಚಿತ್ರವೆಂದರೆ ನಮ್ಮ ಸನ್ನೆಗಳ ಅರ್ಥವನ್ನು ಎದುರಾಳಿಗಳು ಕೇಳಿದರೆ ಹೇಳಬೇಕು. ಮುಚ್ಚುಮರೆ ಇಲ್ಲ. "ಅವರಿಗೇ ಹೇಳೋದಾದ್ರೆ ಸನ್ನೆ ಯಾಕ್ರಿ?" ಎಂದು ರೇಗಿದೆ. ಸರ್ವೇಯರು ಕೇಳಿದರು, "ನಿನ್ನ ಸೀಟಿ ಒಂದು ಸಲ ಊದಿದ್ರೆ ಏನು?" "ನಿಲ್ಸು." "ಎರಡು ಸಲ?" "ಹೋಗಲಿ." "ಬಸ್ಸಿನಾಗೆ ಎಲ್ರಿಗೂ ಅದು ಗೊತ್ತಲ್ಲ. ಗೊತ್ತಿದ್ರೆ ಬಸ್ಸು ನಿಲ್ಲಾದಿಲ್ವಾ?" ಮನೆಗೆ ಬಂದು ಅನ್ನ ಬಸಿಯುವಾಗಲೂ ಅದನ್ನೇ ತಿರುವಿಹಾಕುತ್ತಿದ್ದೆ. ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ಮಾತಾಡಿ ಗೆಲ್ಲಬೇಕು ಎನ್ನುವುದು ನನಗೆ ಹೊಸದು. ಎಂಥದೋ ಹಿಡಿಸಿಬಿಟ್ಟಿತು.

ನನ್ನ ಬಾಯಿ ಮಾತ್ರ ದಾರಿಗೆ ಬರಲಿಲ್ಲ. ಎಲೆ ಇಡುವಾಗ ಅದರ ಹೆಸರು ತಾನಾಗಿ ಹೊರಗೆ ಬರುತ್ತಿತ್ತು. ಬಿಚ್ಚಿಟ್ಟ ಎಲೆಗಳನ್ನು ಮಾತ್ರ ಆಡುವವರು ಹೆಸರು ಹಿಡಿದು ಕೇಳಬಹುದು. ಕೈಯಲ್ಲಿರುವ ಎಲೆ ಇಡುವಾಗ ತುಟಿ ಪಿಟಕ್ಕೆನ್ನಬಾರದು. ನಾನು "ಆಟೀನ್ ಎರಡು" ಎಂದರೆ ಸರ್ವೇಯರು ಮೇಜು ತಟ್ಟುತ್ತಿದ್ದರು. "ಎಲೆ ಕೂಗಬಾರದು. ಸಪ್ಪಗೆ ಹೇಳಿದ್ರೆ ನಿನ್ನತ್ರ ಏನಿಲ್ಲ ಅಂತ ತಿಳೀತೈತೆ, ಗಟ್ಟಿಯಾಗಿ ಹೇಳಿದ್ರೆ ಐತೆ ಅಂತ ತಿಳೀತೈತೆ. ದನಿಯಾಗೆ ಎಲೆ ಕಾಣಿಸ್ತೈತಮ್ಮ." ಮಂಡಿ ಯಜಮಾನರದು ಇನ್ನೊಂದು ಕಾಟ. ಒಮ್ಮೆ ಕೈತಪ್ಪಿ ಏಳರ ಬದಲು ರಾಣಿ ಇಟ್ಟೆ, ತಕ್ಷಣ ವಾಪಸ್ ತೆಗೆಯಹೋದೆ. ಅವರು ನನ್ನ ಬೆರಳ ಮುಂದೆ ಅಂಗೈ ಅಡ್ಡ ಹಿಡಿದರು. "ಇಟ್ಟ ಎಲೆ ಇಟ್ಟಂಗೆ." "ಕೈ ತಪ್ತು ಕಣ್ರಿ!" "ತಪ್ಪಿರಬೋದು. ಇಟ್ಟ ಎಲೆ ಇಟ್ಟಂಗೆ." ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನಿಗೆ ನನ್ನ ಬಸ್ಸಿನಲ್ಲಿ ಸೀಟು ಸಿಗದಿರಲಿ ಎಂದು ಹಾರೈಸಿದೆ.

ಮೂರು ತಿಂಗಳು ಕಚ್ಚಿ ಹಿಡಿದು ಬಾಯಿ ಕಟ್ಟಿದೆ. ನಿಂತಲ್ಲಿ ಕೂತಲ್ಲಿ ಅದೇ ಧ್ಯಾನ. ಬಸ್ಸಿನ ಜನರನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ಚೀಲವನ್ನು ಕಾಲಡಿಯಿಂದ ತೊಡೆಗೆ ಎತ್ತಿಕೊಂಡರೆ ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಾರೆ. ಎರಡೆರಡು ಸಲ ಹೊರಗೆ ಇಣುಕಿದರೆ ಊರಿಗೆ ಹೊಸಬರು. ಹೇಳದೆ ಹೇಳುವುದು ಎಲ್ಲೆಲ್ಲೂ ಇತ್ತು, ನಾನೇ ಇಷ್ಟು ವರ್ಷ ಕೂಗಾಟದಲ್ಲಿ ನೋಡಿರಲಿಲ್ಲ. ನನ್ನ ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನಮ್ಮೋ, ಬಾಯಿಗೆ ಬೀಗ ಹಾಕ್ಕಂಡೀಯ? ಮೈಗೆ ಹುಷಾರಿಲ್ವಾ?" ಎಂದು ಕಾಡಿಸುತ್ತಿದ್ದ.

ಒಂದು ಬುಧವಾರ ನಾನು ಇಸ್ಪೇಟ್ ರಾಜ ಇಟ್ಟಾಗ ಸರ್ವೇಯರು ಎರಡು ಇಟ್ಟರು. ನನ್ನ ಕೈಯಲ್ಲಿ ಇಸ್ಪೇಟ್ ಎಕ್ಕವೂ ಇತ್ತು, ಮೊದಲಾಗಿದ್ದರೆ ಬಡಿದುಬಿಡುತ್ತಿದ್ದೆ. ಆ ಎರಡನ್ನು ನೋಡಿದೆ. ಬರಬೇಡ ಎನ್ನುತ್ತಿದೆ. ಎಕ್ಕವನ್ನು ತಡೆದು ಡೈಮಂಡ್ ಇಳಿಸಿದೆ. ಅದಕ್ಕೇ ಕಾದು ಕೂತಂತೆ ಅವರು ಸಾಲಾಗಿ ಮೂರು ಪಟ್ಟು ಬಾಚಿದರು. ಅವರು ಒಂದು ಮಾತೂ ಆಡಿರಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ನನಗೆ ಕೇಳಿಸಿತ್ತು! ಖುಷಿಗೆ ಕಣ್ಣಲ್ಲಿ ನೀರೇ ಬಂತು, ಹತ್ತಿಯ ಧೂಳು ಎಂದು ಸೆರಗಿನಿಂದ ಒರೆಸಿಕೊಂಡೆ. ಅವತ್ತು ಮೆಟ್ಟಿಲಿಳಿಯುವಾಗ ಸರ್ವೇಯರು ಹೇಳಿದರು: "ಮನೆಯಾಗೆ ಮಗ, ಸೊಸೆ ಚೆನ್ನಾಗೇ ನೋಡ್ಕಂತಾರೆ. ಆದ್ರೆ ಯಾವುದ್ಕೂ ನನ್ನ ಕೇಳಾದಿಲ್ಲ. ಈ ಮೇಜಿನಾಗೆ ಒಂದು ಎಲೆ ಇಟ್ರೆ ನೀನು ಯೋಚ್ನೆ ಮಾಡ್ತೀಯ. ಬುಧವಾರ ಒಂದಿದ್ರೆ ನನಗೆ ವಾರ ಕಳೀತೈತೆ." ನಾನು "ಬಸ್ಸು ಹೊರಡ್ತೈತೆ, ಬೇಗ ನಡೀರಿ ಸರ್" ಎಂದುಬಿಟ್ಟೆ.

ಆಮೇಲೆ ಎಡವಟ್ಟು ಶುರುವಾಯಿತು. ನಾನು ಆಟೀನ್ ಎಕ್ಕ ಇಟ್ಟೆ. ಸರ್ವೇಯರು ಒಂಬತ್ತು ಇಟ್ಟರು: ಬಾ. ನಾನು ಆಟೀನ್ ರಾಜ ಇಟ್ಟೆ. ಅವರು ಆರು ಇಟ್ಟರು. ದೊಡ್ಡದು, ಆಮೇಲೆ ಚಿಕ್ಕದು. ಅಂದರೆ ಅವರಲ್ಲಿ ಆಟೀನ್ ಮುಗಿಯಿತು, ಮೂರನೆಯದನ್ನು ಅವರು ತುರುಪಿನಿಂದ, ಅಂದರೆ ಆ ಆಟಕ್ಕೆ ಎಲ್ಲಕ್ಕಿಂತ ಮೇಲೆಂದು ಇಟ್ಟ ಜಾತಿಯ ಎಲೆಯಿಂದ, ಹೊಡೆಯುತ್ತಾರೆ. ಎದೆ ಉಬ್ಬಿಸಿ ಮೂರನೆಯ ಆಟೀನ್ ಇಳಿಸಿದೆ. ಅವರು ಮತ್ತೊಂದು ಆಟೀನನ್ನೇ ಇಟ್ಟರು, ಗುಲಾಮ! ಬಿಚ್ಚಿಟ್ಟ ಎಲೆಗಳಲ್ಲಿದ್ದ ರಾಣಿ ಗೆದ್ದಳು, ಮಂಡಿ ಯಜಮಾನರು ತಮ್ಮ ಸೋಲುವ ಎಲೆಯೊಂದನ್ನು ಆ ನೆಪದಲ್ಲಿ ಸದ್ದಿಲ್ಲದೆ ಎಸೆದು ಕೊಟ್ಟ ಮಾತು ಉಳಿಸಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಏನ್ರೀ ಸರ್ ಇದು? ಒಂಬತ್ತು ಹಾಕಿ ಕರೆದೋರು ನೀವು. ಮೂರು ಇಟ್ಕಂಡು ಎರಡೇ ಅಂತ ಹೇಳಿದ್ರಿ. ನನಗೆ ಪಾಠ ಮಾಡಾದು, ನೀವೇ ಸುಳ್ಳು ಹೇಳಾದಾ?" ಅವರು ತಿರುಗಿ ಬೈಯುತ್ತಾರೆ ಎಂದುಕೊಂಡಿದ್ದೆ. "ನನ್ನದೇ ತಪ್ಪು" ಎಂದಷ್ಟೇ ಹೇಳಿ ಎಲೆಗಳನ್ನು ಮುಖದ ಹತ್ತಿರ ತಂದು ಜೋಡಿಸತೊಡಗಿದರು. ಮುಂದಿನ ವಾರ ಮತ್ತೆ ಹಾಗೇ, ಅದರ ಮುಂದಿನ ವಾರವೂ. ನನಗೆ ಕಲಿತದ್ದೆಲ್ಲ ಸುಳ್ಳೇ ಎನ್ನಿಸತೊಡಗಿತು. ಮಂಡಿ ಯಜಮಾನರು ಮಾತ್ರ ಎಲೆ ನೋಡುವುದು ಬಿಟ್ಟು ಸರ್ವೇಯರನ್ನೇ ನೋಡುತ್ತಿದ್ದರು. "ಸರ್ವೇಯರ್ರೇ, ನಾವೇ ಮಾಡಿದ ರೂಲು ಒಂದೈತೆ, ಗೆಪ್ತಿ ಐತಲ್ಲ?" ಎಂದರು. "ನಾನೇ ಮಾಡಿದ್ದು. ಗೆಪ್ತಿ ಇಲ್ದೆ ಏನು?" ಎಂದರು ಇವರು. ಸಾಹೇಬರು ಆಟದ ನಡುವೆ ತರಿಸುತ್ತಿದ್ದ ಮಂಡಕ್ಕಿ ಅವತ್ತು ಆ ಕೋಣೆಯಲ್ಲಿ ಯಾರಿಗೂ ಸೇರಲಿಲ್ಲ.

ಅದಾದ ಮೂರನೆಯ ದಿನ, ಚಿತ್ರದುರ್ಗದಲ್ಲಿ ಸರ್ವೇಯರು ನನ್ನ ಬಸ್ಸು ಹತ್ತಿದರು. ಹತ್ತುವ ಮೊದಲು, ಹಣೆಯ ಮೇಲೆ ಇಷ್ಟು ದಪ್ಪ ಅಕ್ಷರದ ಬೋರ್ಡು ಹೊತ್ತ ಬಸ್ಸಿನ ಮುಂದೆ ನಿಂತು, "ಹೊಸದುರ್ಗಕ್ಕೆ ಹೋಗ್ತೈತೇನ್ರಿ?" ಎಂದು ಯಾರನ್ನೋ ಕೇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ಕೇಳಲಿಲ್ಲ. ಟಿಕೆಟ್ ಕೇಳುತ್ತಾ ಅವರ ಸೀಟಿಗೆ ಬಂದಾಗ ರಿಯಾಯಿತಿಗೆ ತೋರಿಸುವ ಹಿರಿಯ ನಾಗರಿಕರ ಕಾರ್ಡೆಂದು ಜೇಬಿನಿಂದ ಒಂದನ್ನು ತೆಗೆದು, ನನ್ನ ಮುಖ ನೋಡದೆ ಚಾಚಿದರು. ಅದು ಹಿರಿಯ ನಾಗರಿಕರ ಕಾರ್ಡಾಗಿರಲಿಲ್ಲ. ಅದೇ ಅಳತೆಯ, ಅದೇ ನೀಲಿ ಬಣ್ಣದ, ಕಣ್ಣಿನ ಆಸ್ಪತ್ರೆಯ ಕಾರ್ಡು. ಒಂದರ ಕೆಳಗೊಂದು ಬಂದುಹೋದ ತಾರೀಕುಗಳು. ಕೆಳಗೆ ಪೆನ್ನಿನಲ್ಲಿ ಬರೆದಿತ್ತು: ಎರಡೂ ಕಣ್ಣು, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ಒಂಬತ್ತು ಹಾಕಿ ಕರೆದಿರಿ ಎಂದು ನಾನು ಕಿರುಚಿದ್ದು ನೆನಪಾಯಿತು. ಅವರು ಕರೆದೇ ಇರಲಿಲ್ಲ. ಆರು ಎಂದುಕೊಂಡು ಒಂಬತ್ತು ಇಟ್ಟಿದ್ದರು. ಒಂಬತ್ತು ಎಂದುಕೊಂಡು ಆರು. ಐವತ್ತು ಹಳ್ಳಿಯ ಹೊಲದ ಬದುಗಳನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದೆ ಎಂದು ಜಂಬ ಕೊಚ್ಚುತ್ತಿದ್ದ ಮನುಷ್ಯ! ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆಟದ ಮೊದಲ ವಾರವೇ ಅವರು ನನಗೆ ಹೇಳಿದ್ದರು, ಬೇರೆಯವರ ಎಲೆ ಅಕಸ್ಮಾತ್ ಕಂಡರೆ ಕಣ್ಣು ತಿರುಗಿಸಬೇಕು ಎಂದು. ಕಾರ್ಡನ್ನು ಅವರ ಕೈಗೆ ವಾಪಸ್ ಇಟ್ಟೆ. "ಆತು ಸರ್" ಎಂದು ಟಿಕೆಟ್ ಹರಿದು ಕೊಟ್ಟೆ. ಸೀಟಿ ಊದಲು ಮರೆತು ಡ್ರೈವರ್ ಕೈಯಲ್ಲಿ ಬೈಸಿಕೊಂಡೆ.

ಬುಧವಾರದವರೆಗೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಹೇಳಿದರೆ ಅವರೇ ಮಾಡಿದ ರೂಲಿನ ಪ್ರಕಾರ ಅವರೇ ಎದ್ದು ಹೋಗುತ್ತಾರೆ, ಅಷ್ಟು ಹಟದ ಮನುಷ್ಯ. ಹೇಳದಿದ್ದರೆ ಮಂಡಿ ಯಜಮಾನರು ಇಂದಲ್ಲ ನಾಳೆ ಎಬ್ಬಿಸುತ್ತಾರೆ. ಗುಟ್ಟಾಗಿ ಸಹಾಯ ಮಾಡಿದರೆ ಅದು ನಶ್ಯ ಕೇಳುವ ನನ್ನ ಮಾವನ ಆಟವಾಯಿತು. ಎಲ್ಲರಿಗೂ ಕೇಳುವ ಹಾಗೆ, ಎಲ್ಲರಿಗೂ ಅರ್ಥವಾಗುವ ಹಾಗೆ ಮಾಡಬಹುದಾದ್ದು ನನಗೆ ತಿಳಿದಂತೆ ಒಂದೇ ಇತ್ತು.

ಬುಧವಾರ ಮೊದಲ ಎಲೆ ಇಡುವಾಗಲೇ ಕೂಗಿದೆ. "ಕಳಾವರ್ ರಾಜ!"

"ಕಂಡಕ್ಟ್ರಮ್ಮ, ಇದು ಬಸ್ಸಲ್ಲ" ಎಂದರು ಮಂಡಿ ಯಜಮಾನರು. ನಾನು ಮುಂದಿನದನ್ನೂ ಕೂಗಿದೆ. "ಕಳಾವರ್ ನಾಲ್ಕು!" ಸರ್ವೇಯರು ಮೇಜು ತಟ್ಟಿದರು. "ಮೂರು ತಿಂಗಳು ಕಲಿಸಿದ್ದು ಏನಾತು? ಎಲೆ ಕೂಗಬಾರದು!" "ನಾನು ಕೂಗಾದೇ ಸರ್. ಒಂದೇ ದನಿಯಾಗೆ ಕೂಗ್ತೀನಿ. ಸಪ್ಪಗೂ ಇಲ್ಲ, ಜೋರೂ ಇಲ್ಲ. ಬೇಕಾದ್ರೆ ಆಡ್ರಿ, ಬ್ಯಾಡಾದ್ರೆ ಬಿಡ್ರಿ." ಅವರು ನನ್ನ ಕಡೆಗೆ, ನನ್ನ ಮುಖಕ್ಕಿಂತ ಒಂದಿಷ್ಟು ಪಕ್ಕಕ್ಕೆ, ನೋಡಿದರು. ಅವರ ಕಣ್ಣಿನ ವಿಷಯ ನನಗೆ ಗೊತ್ತು ಎಂದು ಅವರಿಗೆ ತಿಳಿದುಹೋಯಿತು. ಆ ಆಟ ಹೇಗೋ ಮುಗಿಯಿತು. "ಸಾಕು, ಹೋಗಾಣ" ಎಂದು ಅವರು ಏಳಹೋದರು. ಹಾಸಿಗೆ ಸಾಹೇಬರು ಅಷ್ಟರಲ್ಲಿ ಮುಂದಿನ ಆಟಕ್ಕೆ ಎಲೆ ಹಂಚಿಯಾಗಿತ್ತು. "ಕುಂತ್ಕಳ್ರಿ. ಹಂಚಿದ ಎಲೆ ಬಿಟ್ಟು ಏಳಬಾರದು" ಎಂದರು.

ಈ ಸಲವೂ ಮಂಡಿ ಯಜಮಾನರೇ ಆಡುವವರು. ಎಲೆ ಇಳಿಸುವ ಸರದಿ ನನ್ನದು. "ಆಟೀನ್ ಎಕ್ಕ" ಎಂದು ಇಟ್ಟೆ. ಈಗ ಸಾಹೇಬರು ತಮ್ಮ ಹದಿಮೂರು ಎಲೆ ಬಿಚ್ಚಿಡಬೇಕು. ಅವರು ಯಾವತ್ತೂ ಹಾಗೆ ಮಾಡಿದವರಲ್ಲ, ಆದರೆ ಅವತ್ತು ಒಂದೊಂದೇ ಎಲೆ ಇಡುತ್ತಾ ನಮಾಜಿನ ನಂತರದ ಅದೇ ಶಾಂತ ದನಿಯಲ್ಲಿ ಓದುತ್ತಾ ಹೋದರು. "ಇಸ್ಪೇಟ್ ರಾಜ. ಹತ್ತು. ನಾಲ್ಕು. ಆಟೀನ್ ರಾಣಿ. ಎಂಟು. ಐದು. ಮೂರು..." ಹದಿಮೂರೂ ಮುಗಿಯುವವರೆಗೆ ಮಂಡಿ ಯಜಮಾನರು ಉಸಿರೆತ್ತಲಿಲ್ಲ. ಆಮೇಲೆ ಎಂದಿನಂತೆ, "ಮೂರು" ಎಂದು ಬಿಚ್ಚಿಟ್ಟ ಎಲೆ ಕೇಳಿದರು. ಸರದಿ ಸರ್ವೇಯರಿಗೆ ಬಂತು.

ಅವರು ಎಲೆಗಳನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಇಷ್ಟು ದಿನ ಬಚ್ಚಿಟ್ಟದ್ದನ್ನು ಮೂವರ ಎದುರಿಗೆ ಮಾಡಿದರು. ಒಂದು ಎಲೆ ಎಳೆದು ಮೇಜಿನ ಮೇಲಿಟ್ಟು, ಸ್ಪಷ್ಟವಾಗಿ ಹೇಳಿದರು: "ಆಟೀನ್ ಆರು."

ಮೇಜಿನ ಮೇಲಿದ್ದದ್ದು ಆಟೀನ್ ಒಂಬತ್ತು.

ಕೆಳಗೆ ಯಂತ್ರ ನಿಂತಿತ್ತು. ನಾನು ಮಂಡಿ ಯಜಮಾನರ ಅಂಗೈಯನ್ನೇ ನೋಡುತ್ತಿದ್ದೆ, ಈಗ ಅಡ್ಡ ಬರುತ್ತದೆ, ಈಗ 'ಇಟ್ಟ ಎಲೆ ಇಟ್ಟಂಗೆ' ಎನ್ನುತ್ತಾರೆ ಎಂದು. ಸರ್ವೇಯರಿಗೆ ಆ ಮೌನವೇ ಸಾಕಾಯಿತು. "ಆರಲ್ವಾ ಅದು?" ಎಂದು ಕೇಳಿದರು. ದನಿ ತೀರಾ ಸಣ್ಣದಾಗಿತ್ತು. ಕೈಯಲ್ಲಿದ್ದ ಉಳಿದ ಎಲೆಗಳನ್ನು ಒಟ್ಟು ಮಾಡಿ ಮೇಜಿನ ಮೇಲಿಡಲು ಬಗ್ಗಿದರು. ನಾನು ಅಯ್ಯೋ ಶಿವನೇ, ನಾನೇ ಇವರನ್ನು ಎಬ್ಬಿಸಿಬಿಟ್ಟೆ ಎಂದುಕೊಂಡೆ.

ಮಂಡಿ ಯಜಮಾನರ ಕೈ ಮುಂದೆ ಬಂತು. ಒಂಬತ್ತನ್ನು ಎರಡು ಬೆರಳಲ್ಲಿ ಎತ್ತಿ ಸರ್ವೇಯರ ಕೈಯೊಳಕ್ಕೆ ವಾಪಸ್ ತುರುಕಿತು. "ಇದು ಒಂಬತ್ತು. ಬಾಯಾಗೆ ಆರು ಅಂದ್ರಿ, ಆರು ಇಡ್ರಿ. ಇವತ್ತಿಂದ ಈ ಮೇಜಿನಾಗೆ ಹೇಳಿದ್ದೇ ಎಲೆ." ಆಮೇಲೆ ನಮ್ಮ ಮೂವರನ್ನೂ ಗದರಿಸುವಂತೆ ನೋಡಿ, "ಇಟ್ಟಿದ್ದಲ್ಲ. ಹೇಳಿದ್ದು" ಎಂದರು. ಸರ್ವೇಯರು ಪಕ್ಕದ ಎಲೆ ತೆಗೆದಿಟ್ಟರು. ಅದು ಆರೇ ಆಗಿತ್ತು. ಯಜಮಾನರು ತಮ್ಮ ಕೈಯಿಂದ ಒಂದು ಎಲೆ ಇಟ್ಟು, ಜೀವಮಾನದಲ್ಲಿ ಮೊದಲ ಸಲ, ಕೂಗಿದರು: "ಆಟೀನ್ ಎರಡು."

ಒಂಬತ್ತು ಅಲ್ಲೇ ಬಿದ್ದಿದ್ದರೆ ನಾನು ಮತ್ತೆ ಆಟೀನ್ ಆಡಬೇಕಿತ್ತು, ಯಜಮಾನರು ಗೆಲ್ಲುತ್ತಿದ್ದರು. ಆರು ಬಿದ್ದಿತ್ತು. ಬರಬೇಡ, ದಾರಿ ಬದಲಿಸು. ನಾನು ರಾಜನನ್ನು ಹಿಡಿದಿಟ್ಟುಕೊಂಡು "ಕಳಾವರ್ ಏಳು" ಎಂದೆ. "ಕಳಾವರ್ ಎಕ್ಕ" ಎಂದರು ಸರ್ವೇಯರು. ಅದು ಎಕ್ಕವೇ. "ಕಳಾವರ್ ರಾಜ." ಅದೂ ರಾಜನೇ. ಆಮೇಲೆ ಅವರು ಆಟೀನ್ ಇಳಿಸಿದರು, ನನ್ನ ರಾಜ ಗೆದ್ದ. ನಾಲ್ಕು ಪಟ್ಟು ನಮಗೆ ಬಂದವು, ಯಜಮಾನರು ಕೊಟ್ಟ ಮಾತು ಒಂದೇ ಒಂದು ಪಟ್ಟಿನಿಂದ ಮುರಿಯಿತು. ಅವರೇ ಮಾಡಿದ ರೂಲಿನಿಂದ ಅವರೇ ಸೋತರು.

ಸಾಹೇಬರು ಕೆಳಗಿಳಿದು ಹಾಸಿಗೆ ಹೊಲಿಯುವ ದಬ್ಬಳ ತಂದರು. ನಾಲ್ಕೂ ಒಂಬತ್ತುಗಳ ಮೂಲೆಗೆ ಒಂದೊಂದು ತೂತು ಚುಚ್ಚಿದರು, ಬೆರಳಿಗೆ ಸಿಗುವಷ್ಟು. "ಗುರ್ತು ಮಾಡಿದ ಎಲೆಯಾಗೆ ಆಡೋರು ಜೂಜುಕೋರ್ರು" ಎಂದು ಯಜಮಾನರು ಗೊಣಗಿದರು. "ಹಂಗಾದ್ರೆ ಕಣ್ಣು ಮುಚ್ಕಳ್ರಿ" ಎಂದರು ಸಾಹೇಬರು. ಸರ್ವೇಯರು ಆ ತೂತಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದರು. ಅವರ ಇಪ್ಪತ್ತು ವರ್ಷದ ಜೊತೆಗಾರರ ನೆನಪು ಬಂದಿರಬೇಕು. "ಅವನಿಗೂ ಏನಾದ್ರೂ ಮಾಡಬೋದಿತ್ತು" ಎಂದರು ಆಮೇಲೆ, ಯಾರಿಗೂ ಅಲ್ಲ ಎಂಬಂತೆ. ನಾವು ಎಲೆ ಹಂಚಿದೆವು.

ಮುಂದಿನ ಆಟದಲ್ಲಿ ಯಜಮಾನರಿಗೆ ಸೋತ ಸಿಟ್ಟು ಇಳಿದಿರಲಿಲ್ಲ. ಮೊದಲ ಎಲೆಯನ್ನೇ ನಮ್ಮ ಯಲ್ಲದಕೆರೆಯವರ ಹಾಗೆ ತಲೆಯ ಮೇಲಿಂದ ಬೀಸಿ ತಂದು ಮೇಜಿಗೆ ಬಡಿದರು. "ಇಸ್ಪೇಟ್ ಎಕ್ಕ!" ಬೀದಿಯವರೆಗೆ ಕೇಳಿರಬೇಕು.

ಸರ್ವೇಯರು 'ಟಕ್' ಎಂದು ಮೇಜು ತಟ್ಟಿದರು. ಬೆನ್ನು ನೆಟ್ಟಗಾಗಿತ್ತು.

"ಒಂದೇ ಸಮ ಹೇಳ್ರಿ ಯಜಮಾನ್ರೇ. ದನಿಯಾಗೆ ಎಲೆ ಕಾಣಿಸ್ತೈತೆ."